ಮಂಚದ ಅಂಚಿಗೆ ಕೂರುತ್ತಿದ್ದ ನರ್ಸಮ್ಮ

ಆಪರೇಷನ್ನಿಗೆ ಹೋಗುವ ಹೆಂಗಸಿನ ಮಂಚದ ಅಂಚಿಗೆ ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು, "ನಿಮಗೆ ಹೇಳಿದ್ರಾ?" ಅಂತ ಕೇಳುವುದು ಆ ನರ್ಸಮ್ಮನ ರೂಢಿ.

ನನ್ನ ಎರಡನೇ ಮಗು ಹೊಟ್ಟೆಯಲ್ಲೇ ಹೋಗಿತ್ತು. ರಕ್ತ ನಿಲ್ಲದೆ, ಅಜ್ಜಂಪುರದ ಕಡೆಯಿಂದ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದಿದ್ದರು. ಗುಮಾಸ್ತರು ಒಪ್ಪಿಗೆ ಕಾಗದ ಹಿಡಿದು ಬಂದು ಗಂಡನ ಹೆಸರು ಕೇಳಿದರು. ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಬಾಗಿಲ ಕಡೆ ಕೈ ತೋರಿಸಿದೆ. ಕಾಗದ ಹೊರಗೆ ಜಗಲಿಗೆ ಹೋಯಿತು. ಮಾವನವರು ಹೆಬ್ಬೆಟ್ಟು ಒತ್ತಿದರು.

ಆಮೇಲೆ ನರ್ಸಮ್ಮ ಬಂದು ಕೂತರು. "ನಿಮಗೆ ಹೇಳಿದ್ರಾ?"

"ಏನನ್ನ?"

"ಗರ್ಭಕೋಶ ತೆಗೀತಾರೆ ಕಣಮ್ಮ. ಇನ್ನು ಮಕ್ಕಳಾಗಲ್ಲ. ತೆಗೀದಿದ್ರೆ ಜೀವ ಉಳಿಯೋದು ಕಷ್ಟ."

"ಬೇಡ ಅಂದ್ರೆ?"

"ಡಾಕ್ಟ್ರಿಗೆ ಹೋಗಿ ಹೇಳ್ತೀನಿ. ಬೈತಾರೆ, ಬೈಸ್ಕೋತೀನಿ."

ಮನೆಯಲ್ಲಿದ್ದ ಮೂರು ವರ್ಷದ ಮಗಳು ಕಣ್ಣಿಗೆ ಬಂದಳು. ಅತ್ತು, ಆಗಲಿ ಅಂದೆ. ಅವರು ಕಾಗದ ವಾಪಸ್ ತಂದು, ಮಾವನವರ ಹೆಬ್ಬೆಟ್ಟಿನ ಕೆಳಗೆ ನನ್ನ ರುಜು ಹಾಕಿಸಿದರು.

ವಾರ ಕಳೆದು ನರ್ಸಮ್ಮ ರಜೆ ಮೇಲೆ ಊರಿಗೆ ಹೋದರು. ಆಗಲೇ ಪಕ್ಕದ ಮಂಚದ ಲಿಂಗದಹಳ್ಳಿಯ ಹುಡುಗಿಗೂ ಅದೇ ಆಪರೇಷನ್ ಆಯಿತು. ಆಯಾ ಬಾಯಿಂದ ನನಗೆ ತಿಳಿಯಿತು. ಹುಡುಗಿ ಮಾರನೇ ದಿನ ನನ್ನ ಕಡೆ ತಿರುಗಿ, "ಅಕ್ಕಾ, ಮುಂದಿನ್ದು ಗಂಡಾದ್ರೆ ಅಂತರಘಟ್ಟಮ್ಮಂಗೆ ಸೀರೆ ಉಡಿಸ್ತೀನಿ," ಅಂದಳು. ಅವಳ ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು.

ನನಗಾದರೂ ಮೊದಲೇ ಗೊತ್ತಿತ್ತು, ಅದು ದೇವರ ದಯೆ. ಹೊಲಿಗೆ ಅದುಮಿಕೊಂಡು ಎದ್ದು, ಅವಳ ಮಂಚದ ಅಂಚಿಗೆ ಕೂತೆ.

"ನಿಂಗೆ ಹೇಳಿದ್ರಾ?" ಅಂದೆ.