ಇಟ್ಟಿಗೆ ಗೋಡೆಯಲ್ಲಿ ಒಂದು ಹೆಸರು

ಸಾಂಟಾ ಕ್ಲಾರಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೈಥಿಲಿ ಆಫೀಸಿನ ಬಾಗಿಲು ತಳ್ಳಿದ್ದೇ ತಡ, ಆಟದ ಯಂತ್ರದ ಮುಂದೆ ಕೂತಿದ್ದ ಬಾರ್ಲಿ ಸಾಹೇಬರು ದಡಕ್ಕನೆ ಎದ್ದು ಪರದೆಯ ಮೇಲೆ ಕೋಟು ಎಸೆಯುತ್ತಾರೆ. ಒಂದು ವಾರದಿಂದ ಇದೇ ಕಥೆ. ವಿಡಿಯೋ ಆಟದಲ್ಲಿ ತಪ್ಪು ಹುಡುಕುವುದೇ ಮೈಸೂರಿನ ಈ ಹೆಣ್ಣುಮಗಳ ಕೆಲಸ. ಆಟ ಮಾಡಿದವರೇ ಅದನ್ನು ಬಚ್ಚಿಟ್ಟರೆ ತಲೆಗೆ ಹುಳ ಹೊಗದೆ ಇರುತ್ತದೆಯೇ?

ಬಾರ್ಲಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಂಪನಿಯ ಒಸಾಕಾ ಮುಖ್ಯ ಕಚೇರಿಯಲ್ಲಿ ಆಟದ ಯಂತ್ರಗಳ ರಿಪೇರಿಗೆ ಸೇರಿ, ಚಿತ್ರ ಬರೆಯುತ್ತಾ ಬರೆಯುತ್ತಾ ಆಟಗಳ ನಿರ್ದೇಶಕರಾಗಿ ಇಲ್ಲಿನ ಶಾಖೆಗೆ ಬಂದವರು ಇವರು. ಈ ಎಂಬತ್ತಾರನೇ ಇಸವಿಗೆ ಆರು ಆಟ ಮುಗಿಸಿದ್ದಾರೆ. ಒಂದರಲ್ಲೂ ಅವರ ಹೆಸರಿಲ್ಲ! ನಿಜ ಹೆಸರು ಗೊತ್ತಾದರೆ ಬೇರೆ ಕಂಪನಿಯವರು ಹಾರಿಸಿಕೊಂಡು ಹೋಗುತ್ತಾರೆಂದು ಮಾಲೀಕರಿಗೆ ಗುಮಾನಿ. ಹಾಗಾಗಿ ಆಟದ ಕೊನೆಗೆ ಅಡ್ಡಹೆಸರು ಮಾತ್ರ. ಕುಡಿಯುವುದು ಬಾರ್ಲಿ ಚಹಾ, ಅದಕ್ಕೇ ಬಾರ್ಲಿ.

"ನಮ್ಮ ಮಾವ ಇವತ್ತಿಗೂ ನಂಬಿಲ್ಲ," ಎನ್ನುತ್ತಾರೆ ತಮ್ಮ ಮುರುಕು ಇಂಗ್ಲಿಷಿನಲ್ಲಿ. "ನೀನೇ ಮಾಡಿದ್ದಾದರೆ ನಿನ್ನ ಹೆಸರೆಲ್ಲಿ ಅಂತಾರೆ. ನಾನೇನು ತೋರಿಸಲಿ?"

ಭಾನುವಾರವೂ ಬಿಡುವಿಲ್ಲ. ಯೂನಿಯನ್ ಸಿಟಿಯ ಪಿಜ್ಜಾ ಅಂಗಡಿಯಲ್ಲಿ ಜನ ಆಡುವುದನ್ನು ಹಿಂದೆ ನಿಂತು ನೋಡುತ್ತಾರೆ. ಯಾರಾದರೂ ಸಿಟ್ಟಿಗೆದ್ದು ಯಂತ್ರಕ್ಕೆ ಗುದ್ದಿದರೆ ಸೋಮವಾರ ಆ ಘಟ್ಟ ಬದಲಾಗುತ್ತದೆ.

"ಆಟಾನ ಬೇರೆ ಕಂಪನಿಗೆ ಮಾರ್ತಿರ್ಬೇಕು ಕಣೇ, ಹುಷಾರು," ಎನ್ನುತ್ತಾನೆ ಕೋಟಿನ ಕಥೆ ಕೇಳಿದ ಗಂಡ ಜಗನ್ನಾಥ. "ಕೊನೇಗೆ ನಿನ್ ತಲೆಗೇ ಕಟ್ತಾರೆ."

ಇನ್ನು ತಡೆಯಲಾಗದೆ ಮೈಥಿಲಿ ಸಾಹೇಬರ ಎದುರೇ ಕೋಟು ಎತ್ತೇಬಿಡುತ್ತಾಳೆ. ಪರದೆಯಲ್ಲೊಂದು ಇಟ್ಟಿಗೆ ಗೋಡೆ. ಕೆಲವು ಇಟ್ಟಿಗೆ ಮಾತ್ರ ಕಡುಗೆಂಪು, ಏನೋ ಚಿತ್ತಾರದಂತೆ.

"ಇದೇನ್ ಸಾರ್, ತಪ್ಪಾ?"

"ನನ್ನ ಹೆಸರು. ನಮ್ಮ ಲಿಪಿ." ಅವರು ಮತ್ತೆ ಕೋಟು ಮುಚ್ಚುತ್ತಾರೆ. "ಮ್ಯಾನೇಜರ್‌ಗೆ ಹೇಳ್ತೀರಾ?"

"ಛೆ, ನಾನ್ಯಾಕ್ ಹೇಳ್ಲಿ ಸಾರ್!"

ಅವಳು ಬಾಯಿ ಬಿಡುವವಳಲ್ಲ. ಆದರೂ ಮರುದಿನ ನೋಡಿದರೆ ಗೋಡೆ ಬರೀ ಗೋಡೆ. ತಮ್ಮ ಹೆಸರನ್ನು ತಾವೇ ಅಳಿಸಿ ಕೂತಿದ್ದಾರೆ. ಮೈಥಿಲಿಗೆ ಪಿತ್ತ ನೆತ್ತಿಗೇರುತ್ತದೆ, ಹಿಂದೆಯೇ ಅಳುವೂ ಬರುತ್ತದೆ.

"ನನ್ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಯಾರ ಮೇಲೂ ಇಲ್ಲ. ಗೊತ್ತಾದ್ರೆ ಮುಂದಿನ ಆಟ ನನಗೆ ಕೊಡಲ್ಲ. ಈ ಕೆಲಸ ಬಿಟ್ರೆ ನನಗೆ ಬೇರೇನೂ ಬರಲ್ಲ."

ಬೆಂಗಳೂರಿನ ಕನ್ನಡ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ನಿಮ್ಮ ಬಗ್ಗೆ ನಾನು ಬರೆದುಕೊಡಬೇಕಂತೆ ಎಂದು ಅವಳು ಹೇಳಿದಾಗಲೂ ಅದೇ ಅನುಮಾನದ ಕಣ್ಣು.

"ಕಂಪನೀಲಿ ಆ ಭಾಷೆ ಓದೋರು?"

"ನಾನೊಬ್ಳೇ."

"ಒಸಾಕಾದಲ್ಲಿ?"

"ಯಾರಿಗೂ ಬರಲ್ಲ ಸಾರ್."

"ನಿಜವಾಗಿ?"

"ದೇವ್ರಾಣೆಗೂ."

ಎದ್ದು ಹೋಗಿ ಬಾಗಿಲಾಚೆ ಇಣುಕಿ, ಚಿಲಕ ಹಾಕಿ ಬರುತ್ತಾರೆ.

"ಹಾಗಾದ್ರೆ ಬಾರ್ಲಿ ಬೇಡ. ಅಕ್ಷರ ತಪ್ಪದ ಹಾಗೆ ಪೂರ್ತಿ ಬರೀರಿ. ನಿಶಿವಾಕಿ ತೊಷಿಯೊ. ಆರೂ ಆಟ ಮಾಡಿದ್ದು ನಾನೇ."