ದಕ್ಷಿಣಕ್ಕೆ ಮುಖ, ಕಡಲಿಗೆ ಬೆನ್ನು

ನಾನು ಕಡಲು ಕಂಡಿದ್ದೇ ಐವತ್ತು ದಾಟಿದ ಮೇಲೆ. ಮಂಗಳೂರಿಗೆ ಮದುವೆಗೆಂದು ಹೋದಾಗ ಪ್ಯಾಂಟು ಮಡಿಚಿಕೊಂಡು ಮೊಣಕಾಲವರೆಗೆ ಇಳಿದಿದ್ದೆ. ಇಷ್ಟು ಅನುಭವ ಇಟ್ಟುಕೊಂಡು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಗಳ ಮನೆ ಸೇರಿದ ಮೇಲೆ ಅಳಿಯನಿಗೆ ಕಡಲಿನ ವಿಷಯದಲ್ಲಿ ಬುದ್ಧಿ ಹೇಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಮೈಸೂರಿನ ಜವಳಿ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುತ್ತಲೇ ಮುದುಕನಾದವನು ನಾನು. ಎದುರಿಗಿದ್ದವರನ್ನು ಒಪ್ಪಿಸುವುದು ಚೆನ್ನಾಗಿ ಬರುತ್ತಿತ್ತು. ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಮಾತ್ರ ಬರಲಿಲ್ಲ.

ಅಳಿಯ ಎಂಜಿನಿಯರ್. ರಜೆ ಸಿಕ್ಕರೆ ಸಾಕು, ಉತ್ತರದ ತೀರಕ್ಕೆ ಹೊರಡುವ ಹುಚ್ಚು. ಪರ್ತ್ ಬಿಟ್ಟು ಅರ್ಧ ದಿನ ಗಾಡಿ ಓಡಿಸಿದರೆ ಊರುಗಳು ವಿರಳವಾಗುತ್ತವೆ, ಫೋನು ಸತ್ತುಹೋಗುತ್ತದೆ, ದಕ್ಷಿಣದ ಗಾಳಿಗೆ ಬಾಗಿದ ಮರಗಳು ನೆಲಕ್ಕೆ ತಲೆಯಿಟ್ಟು ಮಲಗಿರುತ್ತವೆ. ಅಲ್ಲಿಗೆ ಹೋಗುವ ಮುಂಚೆ ಇವನ ತಯಾರಿ ನೋಡಬೇಕಿತ್ತು. ಎಲ್ಲಿಗೆ ಹೋಗುತ್ತೇವೆ, ಯಾವಾಗ ವಾಪಸ್ಸು ಎಂದು ಸ್ನೇಹಿತನಿಗೆ ತಿಳಿಸಬೇಕು. ಬೇಕಾದ್ದಕ್ಕಿಂತ ಹೆಚ್ಚು ನೀರು ಬೇಕು. ಕಷ್ಟ ಬಂದಾಗ ಒತ್ತಿದರೆ ರಕ್ಷಣಾ ಪಡೆಗೆ ಸುದ್ದಿ ಮುಟ್ಟಿಸುವ ಒಂದು ಬೀಕನ್. ಗಾಡಿ ಹೂತುಕೊಳ್ಳದಂತೆ, ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಇಳಿಸಬೇಕು. ಹಕ್ಕಿಗಳು ಮರಳಿನಲ್ಲೇ ಮೊಟ್ಟೆ ಇಡುತ್ತವಾದ್ದರಿಂದ ದಿಬ್ಬದ ಮೇಲೆ ಗಾಡಿ ಹತ್ತಿಸುವಂತಿಲ್ಲ. ಬಾಳೆಹಣ್ಣಿನ ಸಿಪ್ಪೆಯೂ ಚೀಲ ಸೇರಿ ಮನೆಗೆ ವಾಪಸ್ಸು ಬರಬೇಕು.

“ಏನ್ ಅಳಿಯಂದ್ರೆ, ಬೀಚಿಗೆ ಹೊರಟಿದ್ದೀರೋ ಯುದ್ಧಕ್ಕೋ?” ಎಂದು ಚುಚ್ಚುತ್ತಿದ್ದೆ.

“ಯುದ್ಧ ಆದ್ರೆ ಎದುರಿಗಿರೋರು ಯಾರು ಅಂತಾದ್ರೂ ಗೊತ್ತಿರತ್ತೆ ಮಾವ,” ಎನ್ನುತ್ತ ಅವನು ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದ.

ಇಲ್ಲಿಯ ನಮ್ಮ ಕನ್ನಡ ಬಳಗವೂ ನನ್ನ ಪಕ್ಷವೇ. ಭಾನುವಾರ ಪಾರ್ಕಿನಲ್ಲಿ ಬಾರ್ಬೆಕ್ಯೂಗೆ ಸೇರಿದಾಗ ಅವರ ಶೌರ್ಯ ಕೇಳಬೇಕು. ಹವಾಯಿ ಚಪ್ಪಲಿಯಲ್ಲಿ ಪಾಚಿಗಟ್ಟಿದ ಬಂಡೆ ಹತ್ತುವವರು, ಅಪಾಯ ಎಂದು ಬರೆದ ಫಲಕಕ್ಕೇ ಒರಗಿ ಫೋಟೊ ತೆಗೆಸಿಕೊಳ್ಳುವವರು, ಈ ದೇಶದವರು ಭಯಸ್ಥರು ಎಂದು ತೀರ್ಪು ಕೊಡುವವರು. ಅವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಈಜು ಬಾರದು. ನನಗೂ ಬಾರದು. ಆದರೂ ಆ ಗುಂಪಿನ ನಡುವೆ ಕುರ್ಚಿ ಎಳೆದುಕೊಂಡು ಕೂತು ಅಳಿಯನ ಬೀಕನ್ನಿನ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಒಂದು ವರ್ಷ ಮಹಾಲಯ ಅಮಾವಾಸ್ಯೆ ಅಳಿಯನ ಇಂಥದ್ದೊಂದು ಪ್ರವಾಸದ ನಡುವೆ ಬಂತು. ಪಿತೃಗಳಿಗೆ ಎಳ್ಳುನೀರು ಬಿಡುವ ದಿನ. ಅದುವರೆಗೆ ಪರ್ತ್‌ನ ಬೆಂಟ್ಲಿಯಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಣಹಾಕುವ ಕಂಬದ ಪಕ್ಕ ಬಿಡುತ್ತಿದ್ದೆ. ಅಪ್ಪನಾಗಲಿ ಅಜ್ಜನಾಗಲಿ ದೂರು ತಂದಿರಲಿಲ್ಲ. ಆದರೆ ಸಮುದ್ರದಲ್ಲಿ ಬಿಟ್ಟರೆ ಫಲ ಹೆಚ್ಚು, ಬಳಗದಲ್ಲಿ ಹೇಳಿಕೊಳ್ಳಲೂ ಚೆನ್ನ. ಮಗಳು ಅಳಿಯನ ಜೊತೆ ನಾನೂ ಹೊರಟೆ.

ಅಲ್ಲಿ ನೆಲ ಮೂಗಿನ ಹಾಗೆ ಕಡಲಿಗೆ ಚಾಚಿಕೊಂಡಿತ್ತು. ಅದರ ಉತ್ತರದ ಮಗ್ಗುಲಲ್ಲಿ, ಗಾಳಿಗೆ ಮರೆಯಾಗಿ, ಜಗಲಿಯಂಥ ಚಪ್ಪಟೆ ಬಂಡೆ. ನೀರು ಅದರ ಅಂಚನ್ನು ಮೆಲ್ಲಗೆ ನೆಕ್ಕುತ್ತಿತ್ತು. ಅಲ್ಲೇ ಕೂರುತ್ತೇನೆ ಎಂದೆ.

ಅಳಿಯ ಮೇಲೆ ನಿಂತು ಬಹಳ ಹೊತ್ತು ನೀರನ್ನೇ ನೋಡಿದ. “ಬಂಡೆ ಕಪ್ಪಗಿದೆ ನೋಡಿ ಮಾವ. ಅಂದ್ರೆ ಅಲೆ ಅಲ್ಲೀವರ್ಗೂ ಹತ್ತತ್ತೆ. ಬಕೆಟ್‌ನಲ್ಲಿ ನೀರು ತಂದ್ಕೊಡ್ತೀನಿ, ಇಲ್ಲೇ ಮೇಲೆ ಕೂತು ಮಾಡಿ.”

“ಬಕೆಟ್ ನೀರಿಗೆ ಇಷ್ಟು ದೂರ ಬರ್ಬೇಕಿತ್ತಾ?”

“ಅಪ್ಪ, ಹಟ ಮಾಡ್ಬೇಡ,” ಎಂದಳು ಮಗಳು.

“ನಿಮ್ಮಜ್ಜಂಗೆ ಬಕೆಟ್ ನೀರು ಕೊಡು ಅಂತೀಯೇನೇ?”

ಸತ್ತವರನ್ನು ಮುಂದೆ ಮಾಡಿದರೆ ಬದುಕಿರುವವರು ಸುಮ್ಮನಾಗುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅಳಿಯ ಸೋತ. “ಬೇಗ ಮುಗಿಸ್ಬೇಕು. ನಾನು ಇಲ್ಲಿಂದ ನೀರು ನೋಡ್ತಿರ್ತೀನಿ. ಕೂಗಿದ ತಕ್ಷಣ ಎದ್ದು ಬಂದ್ಬಿಡಿ, ಯಾಕೆ ಅಂತ ಕೇಳ್ಬೇಡಿ. ಸಮುದ್ರಕ್ಕೆ ಮಾತ್ರ ಬೆನ್ನು ಹಾಕ್ಬೇಡಿ.”

ತರ್ಪಣ ಕೊಡುವುದು ದಕ್ಷಿಣಕ್ಕೆ ಮುಖ ಮಾಡಿ. ಆ ಬಂಡೆಯಿಂದ ಕಡಲು ಉತ್ತರಕ್ಕೆ. ಒಂದು ನಿಯಮ ಉಳಿಸಿಕೊಂಡರೆ ಇನ್ನೊಂದು ಮುರಿಯುತ್ತದೆ. ಯಾವುದನ್ನು ಮುರಿಯಬೇಕು ಎಂದು ನಾನು ಯೋಚಿಸಲೂ ಇಲ್ಲ. ಜನಿವಾರ ಬಲಕ್ಕೆ ಹಾಕಿಕೊಂಡು, ಕಡಲಿಗೆ ಬೆನ್ನು ಕೊಟ್ಟು ಕೂತೆ. ಮಗಳು ಹಣ್ಣು ತರಲು ಗಾಡಿಯ ಕಡೆ ಹೋದಳು.

ಅಪ್ಪನ ಹೆಸರು ಮುಗಿಸಿ ಅಜ್ಜನ ಹೆಸರಿಗೆ ಬಂದಿದ್ದೆ. “ಮಾವ! ಬನ್ನಿ! ಬನ್ನಿ!” ಎಂದು ಅಳಿಯ ಕೂಗಿದ. ಮಂತ್ರದ ನಡುವೆ ಏಳಬಾರದು ಎಂದು, ತಲೆ ಎತ್ತದೆ, ಎಡಗೈ ಮೇಲೆತ್ತಿ ತಾಳು ಎಂದು ಸನ್ನೆ ಮಾಡಿದೆ. ಅಂಗಡಿಯಲ್ಲಿ ಅವಸರ ಮಾಡುವ ಗಿರಾಕಿಗೆ ತೋರಿಸುತ್ತಿದ್ದ ಅದೇ ಕೈ.

ಅವನು ತಾಳಲಿಲ್ಲ. ಇಳಿದು ಬಂದು ನನ್ನ ರಟ್ಟೆ ಹಿಡಿದು ಮೇಲಕ್ಕೆ ನೂಕಿದ. ಅಷ್ಟರಲ್ಲಿ ನೀರು ಬಂತು. ಅಲೆ ಬಂದ ಹಾಗಿರಲಿಲ್ಲ, ಕಡಲೇ ಎದ್ದು ನಿಂತ ಹಾಗಿತ್ತು. ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಿ ಅಂಟಿಕೊಂಡೆ. ನೀರು ಇಳಿದಾಗ ಬಂಡೆಯ ಮೇಲೆ ಅಳಿಯ ಇರಲಿಲ್ಲ.

ಮಗಳು ಓಡಿ ಬಂದಳು. ಮೀನು ಹಿಡಿಯುವವರು ನೀರಿಗೆ ಬಿದ್ದರೆ ಎಸೆಯಲೆಂದು ಅಲ್ಲೊಂದು ಕಂಬಕ್ಕೆ ತೇಲುಬಳೆ ತೂಗುಹಾಕಿದ್ದರು. ಅದನ್ನು ಕಿತ್ತು ನೀರಿಗೆಸೆದಳು, ಬೀಕನ್ ಒತ್ತಿದಳು. ನಾನು ಕೆಳಗಿಳಿಯಲು ಹೋದೆ. “ಅಪ್ಪಾ, ಅಲ್ಲೇ ಕೂತ್ಕೋ! ಇನ್ನೊಬ್ರನ್ನ ಹುಡುಕೋಕಾಗಲ್ಲ ನನ್ಕೈಲಿ!” ಎಂದು ಚೀರಿದಳು. ಕೂತೆ. ಅಳಿಯ ಬಳೆ ಹಿಡಿದುಕೊಂಡ. ಬಂಡೆಯ ಕಡೆ ಈಜಲಿಲ್ಲ. ಬಂದಿದ್ದರೆ ಅಲೆ ಅವನನ್ನು ಕಲ್ಲಿಗೆ ಕುಟ್ಟಿ ಮುಗಿಸುತ್ತಿತ್ತು. ಒಂದು ತೋಳು ಜೋತುಬಿದ್ದಿದ್ದರೂ ಮೈ ಸಡಿಲಬಿಟ್ಟು ತೇಲಿದ. ನೀರು ಅವನನ್ನು ಪಕ್ಕದ ಕೊಲ್ಲಿಯೊಳಗಿನ ಮರಳಿಗೆ ತಂದು ಹಾಕಿತು. ಹೆಲಿಕಾಪ್ಟರ್ ಬರುವವರೆಗೆ ಮಗಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಸ್ವಲ್ಪ ದೂರದಲ್ಲಿ, ಒದ್ದೆ ಪಂಚೆಯಲ್ಲಿ, ಯಾವ ಕೆಲಸಕ್ಕೂ ಬಾರದ ಸಾಮಾನಿನ ಹಾಗೆ ನಿಂತಿದ್ದೆ.

ಇಲ್ಲಿಯವರೆಗಿನದು ಮೂರ್ಖತನ. ಮುಂದಿನದು ಹೇಡಿತನ.

ಆಸ್ಪತ್ರೆಯಲ್ಲಿ ಮಗಳು ಕೇಳಿದಳು: “ಗಾಡಿ ಹತ್ರ ನನಗೇ ಕೇಳಿಸ್ತು ಅಪ್ಪ. ನಿಂಗೆ ಕೇಳಿಸ್ಲಿಲ್ವಾ?”

“ಗಾಳಿ ಕಣೇ. ಏನೂ ಕೇಳಿಸ್ಲಿಲ್ಲ.”

ಹಾಸಿಗೆಯಲ್ಲಿದ್ದ ಅಳಿಯ ಒಮ್ಮೆ ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದ. ನನ್ನ ಕೈ ಮೇಲೆದ್ದದ್ದನ್ನು ಅವನು ಕಂಡಿದ್ದ.

ಆಮೇಲೆ ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ ನೆಂಟರ ಗೃಹಪ್ರವೇಶ. “ಅಂಕಲ್, ನಿಮ್ಮ ಪಿತೃಗಳೇ ಕಾಪಾಡಿದ್ದು!” ಎಂದು ಜನ ನನ್ನನ್ನು ಸುತ್ತುವರಿದರು. ನಾನು ಕಣ್ಣು ಒದ್ದೆ ಮಾಡಿಕೊಂಡು ತಲೆಯಾಡಿಸಿದೆ. ಎಲೆಗೆ ಇನ್ನೊಂದು ಹೋಳಿಗೆ ಬಿತ್ತು. ಅದನ್ನೂ ತಿಂದೆ.

ಅಳಿಯನ ಬಲಗೈ ಈಗಲೂ ಭುಜದಿಂದ ಮೇಲೆ ಹೋಗುವುದಿಲ್ಲ, ಬೆರಳುಗಳಿಗೂ ಸರಿಯಾದ ಹಿಡಿತವಿಲ್ಲ. ಈಚೆಗೆ ಒಂದು ಬೆಳಗ್ಗೆ ಮಗಳು ಅವನ ಅಂಗಿಯ ಗುಂಡಿ ಹಾಕುತ್ತ, ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: “ಪಾಪ, ಅಪ್ಪಂದೇನೂ ತಪ್ಪಿಲ್ಲ. ಆ ಗಾಳೀಲಿ ಯಾರಿಗ್ತಾನೆ ಕೇಳಿಸತ್ತೆ?” ನನ್ನ ಪರವಾಗಿ ವಾದ ಮಾಡುತ್ತಿದ್ದಳು. ಕಾಫಿ ಲೋಟ ಕೆಳಗಿಟ್ಟೆ. ಅವಳು ಫೋನಿಟ್ಟ ಮೇಲೆ ಹೇಳಿದೆ: “ಕೇಳಿಸಿತ್ತು ಕಣೇ. ತಾಳು ಅಂತ ಕೈ ತೋರಿಸ್ದೆ.”

ಅವಳು ಗಂಡನತ್ತ ತಿರುಗಿದಳು. “ನಿಮ್ಗೆ ಗೊತ್ತಿತ್ತಾ?”

“ಹೂಂ.”

“ನನ್ಗೆ ಯಾಕೆ ಹೇಳ್ಲಿಲ್ಲ?”

“ಅದು ಮಾವನೇ ಹೇಳ್ಬೇಕಿತ್ತು.”

ಅವಳು ಉಳಿದ ಗುಂಡಿಗಳನ್ನು ಹಾಕಿ ಮುಗಿಸಿದಳು. “ಎಲ್ರಿಗೂ ಗಾಳಿ, ಗಾಳಿ ಅಂತ ಹೇಳ್ಕೊಂಡು ಬಂದಿದೀನಿ ಅಪ್ಪ. ಈಗ ಅವ್ರಿಗೆಲ್ಲ ನೀನೇ ಫೋನ್ ಮಾಡು,” ಎಂದು ಡ್ಯೂಟಿಗೆ ಹೊರಟಳು.

ಮಾಡುತ್ತಿದ್ದೇನೆ. ಕೆಲವರು ಮಾತು ಬದಲಿಸುತ್ತಾರೆ, ಕೆಲವರಿಗೆ ಇದ್ದಕ್ಕಿದ್ದಂತೆ ಕೆಲಸ ನೆನಪಾಗುತ್ತದೆ. ನಿನ್ನೆ ಅಡಿಲೇಡ್‌ನವರೊಬ್ಬರು ಪೂರ್ತಿ ಕೇಳಿಸಿಕೊಂಡು, “ಬಿಡಿ ಅಂಕಲ್, ಏನೇ ಆಗ್ಲಿ, ಪಿತೃಗಳು ಕಾಪಾಡಿದ್ರಲ್ಲ,” ಎಂದರು.

ಇಲ್ಲ ಎಂದೆ. ಮತ್ತೆ ಮೊದಲಿನಿಂದ ಹೇಳತೊಡಗಿದೆ.