ನೋಡುವವರಿದ್ದ ದಿನ ಮೇಲಿನ ಓಣಿಗೂ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೇ ಹುಬ್ಬಳ್ಳಿಯ ಓಣಿಯೊಂದರ ತಿರುವಿನಲ್ಲಿ ಮಲ್ಲಿಕಸಾಬ ಕಬ್ಬಿಣದ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟು, ನೀರಿನ ವಾಲ್ವು ತಿರುಗಿಸುವ ಎದೆಯೆತ್ತರದ ಚಾವಿಯನ್ನು ಗುಂಡಿಗೆ ಇಳಿಸುತ್ತಾರೆ. ಅಡ್ಡ ಹಿಡಿಕೆಗೆ ಎರಡೂ ಕೈ ಕೊಟ್ಟವರು ತಿರುಗಿಸುವ ಮೊದಲು ತಲೆಯೆತ್ತಿ ನೋಡುತ್ತಾರೆ.

"ಪೇಪರಿನವರು ಅಂದ್ರಿ. ಖರೇನೋ, ಆಫೀಸಿನವರು ಕಳಿಸ್ಯಾರೋ?"

ಗುರುತಿನ ಚೀಟಿ ತೋರಿಸಿದರೂ ಅವರ ಮುಖದ ಬಿಗಿ ಸಡಿಲವಾಗುವುದಿಲ್ಲ. ಅದಕ್ಕೆ ಕಾರಣವಿದೆ. ಮಲ್ಲಿಕಸಾಬ ಈ ಭಾಗದ ನಳಗಳಿಗೆ ನೀರು ಬಿಡುವ ಗುತ್ತಿಗೆ ಕಾರ್ಮಿಕ. ಪೈಪಿನ ಗುಂಡಿ ತೋಡುವ ಕೂಲಿಯಾಗಿ ಬಂದವರು, ಚಾವಿ ಹಿಡಿದು ಹದಿನಾರು ವರ್ಷವಾಗಿದೆ. ಗುತ್ತಿಗೆದಾರರು ಬದಲಾದಾಗಲೆಲ್ಲ ಯಾರ ಮೇಲೆ ದೂರಿದೆ ಎಂಬ ವಿಚಾರಣೆ ನಡೆಯುತ್ತದೆ. ಹೆಸರಿನ ಮೇಲೆ ಒಂದು ದೂರು ಬಿದ್ದರೂ ಕೆಲಸ ಹೋಗುತ್ತದೆ. ಜೊತೆಗಿದ್ದ ಒಬ್ಬರದು ಹಾಗೆಯೇ ಹೋಯಿತು.

ದೂರು ಹುಟ್ಟುವ ಜಾಗವೂ ಈ ತಿರುವೇ. ದೊಡ್ಡ ಪೈಪು ಇಲ್ಲಿ ಎರಡಾಗಿ ಕವಲೊಡೆದು ಒಂದು ಕೆಳಗಿನ ಓಣಿಗೆ ಇಳಿಯುತ್ತದೆ, ಇನ್ನೊಂದು ಮೇಲಿನ ಓಣಿಗೆ ಏರುತ್ತದೆ. ಕೆಳಗಿನ ವಾಲ್ವನ್ನು ಬಿಗಿ ಮಾಡದೆ ಮೇಲಕ್ಕೆ ನೀರು ಹತ್ತುವುದಿಲ್ಲ. ಬಿಗಿ ಮಾಡಿದರೆ ಕೆಳಗಿನವರು ಕೊಡ ಹಿಡಿದುಕೊಂಡೇ ತಿರುವಿಗೆ ಬರುತ್ತಾರೆ. ನಾವಿದ್ದಾಗಲೂ ಕೆಳಗಿನ ಓಣಿಯ ಶಿವಬಸವ್ವ ಬಂದರು.

"ಏನೋ ಸಾಬಣ್ಣ, ಮ್ಯಾಲಿನವ್ರು ಏನ್ ತಿನಿಸ್ಯಾರ ನಿನಗ? ನಮ್ಮ ನಳ ಹನಿ ಹನಿ ಅಳಾಕತ್ತೈತಿ."

"ಒಂದು ಕಪ್ ಚಾ ಸೈತ ಕುಡಿಸಿಲ್ಲ ಅವ್ವಾರ. ನೀವರ ಕುಡಸ್ರಿ."

"ನೀರ್ ಬಿಡು, ಚಾ ಮಾಡ್ತೇನಿ!"

ಕಳೆದ ಚಳಿಗಾಲದಲ್ಲಿ ಇದೇ ತಿರುವಿಗೆ ಮಯೂರಿ ಎಂಬ ಹತ್ತನೇ ತರಗತಿಯ ಹುಡುಗಿ ಕೈಗಡಿಯಾರ ಕಟ್ಟಿಕೊಂಡು, ಬರೆದುಕೊಳ್ಳುವ ವಹಿ ಹಿಡಿದು ಬಂದಳು. ಅವಳ ಶಾಲೆಯ ಸಮಾಜ ವಿಜ್ಞಾನ ಶಿಕ್ಷಕಿ ದಾಕ್ಷಾಯಿಣಿ ಅವರದೊಂದು ಕಟ್ಟುನಿಟ್ಟು: ಪೌರನೀತಿಯ ಆಂತರಿಕ ಅಂಕ ಬೇಕಾದರೆ ಮನೆಯ ಹತ್ತಿರದ ಯಾವುದಾದರೂ ಸಾರ್ವಜನಿಕ ಸೇವೆಯನ್ನು ಕಣ್ಣಾರೆ ನೋಡಿ ಬರೆಯಬೇಕು. ಯಾರು ಮಾಡುತ್ತಾರೆ, ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಪ್ರಾಜೆಕ್ಟಿಗೆ ಅವರು ಸಹಿ ಹಾಕುವುದಿಲ್ಲ. ಚೆನ್ನಾಗಿ ಬಂದ ವರದಿಗಳನ್ನು ವಾರ್ಡ್ ಕಚೇರಿಗೂ ಕಳಿಸುತ್ತಾರೆ.

"ಮೂಲಭೂತ ಹಕ್ಕು ಎಷ್ಟು ಅಂದ್ರ ಪಟ್ ಅಂತ ಹೇಳ್ತಾರ್ರಿ," ಎನ್ನುತ್ತಾರೆ ದಾಕ್ಷಾಯಿಣಿ. "ನಿಮ್ಮ ಮನಿಗೆ ನೀರು ಬಿಡಾಂವ ಯಾರು ಅಂದ್ರ ಮಾರಿ ಮಾರಿ ನೋಡ್ತಾರ. ಹಂಗ ಪಾಸ್ ಮಾಡಿ ಕಳಿಸಿದ್ರ ಏನು ಕಲಿಸಿಧಂಗಾತು?"

ಮಲ್ಲಿಕಸಾಬರಿಗೆ ಆಗ ಇದೊಂದೂ ತಿಳಿದಿರಲಿಲ್ಲ. "ಕಾಕಾ, ಎಷ್ಟೊತ್ತಿಗೆ ಬಿಡ್ತೀರಿ, ಎಷ್ಟೊತ್ತಿಗೆ ಬಂದ್ ಮಾಡ್ತೀರಿ ಅಂತ ಕೇಳಿದ್ಲು. ಬಾಯಾಗ ಕಾಕಾ, ಕೈಯಾಗ ವಹಿ. ಹೊಸ ಗುತ್ತಿಗೆದಾರ ಸಣ್ಣ ಹುಡುಗೀನ ಮುಂದ ಬಿಟ್ಟಾನ ಅನ್ಕೊಂಡೆ."

ಅನುಮಾನ ಬಂದವರು ಮಾಡುವುದನ್ನೇ ಅವರೂ ಮಾಡಿದರು. ಮಯೂರಿ ಬಂದ ದಿನಗಳಲ್ಲೆಲ್ಲ ಕೆಳಗಿನ ವಾಲ್ವನ್ನು ಇನ್ನಷ್ಟು ಬಿಗಿ ಮಾಡಿ, ಬೈಗುಳ ತಿಂದು, ಮೇಲಿನ ಓಣಿಯ ಕೊನೆಯ ಮನೆಯವರೆಗೂ ನೀರು ಹತ್ತಿಸಿದರು. ಅವಳು ಕಂಡದ್ದನ್ನು ಕಂಡಂತೆ ಬರೆದಳು: ಎರಡೂ ಓಣಿಗೆ ಸಮನಾಗಿ ನೀರು ಬರುತ್ತದೆ. ಬಣ್ಣದ ನಕ್ಷೆಯನ್ನೂ ಅಂಟಿಸಿದಳು.

ತರಗತಿಯಲ್ಲಿ ಅದನ್ನು ಓದಿದಾಗ, ಮೇಲಿನ ಓಣಿಯ ಕೊನೆಯ ಮನೆಯ ಉಮಾಶ್ರೀ ಜೋರಾಗಿ ನಕ್ಕಳಂತೆ. "ನೀ ಬಂದ ದಿನ ಅಷ್ಟ ಬರ್ತೈತಿ. ದಿನಾ ಬಾರಲೇ, ನಮ್ಮವ್ವ ನಿನಗ ಆರತಿ ಮಾಡ್ತಾಳ!"

ದಾಕ್ಷಾಯಿಣಿ ಸಹಿ ಹಾಕಲಿಲ್ಲ. ಅಳತೆ ಸರಿಯಿತ್ತು, ಅಳೆದ ದಿನ ಮಾತ್ರ ಎಂದಿನ ದಿನವಾಗಿರಲಿಲ್ಲ. ನೋಡುವವರು ನಿಂತಿದ್ದಾರೆಂಬ ಕಾರಣಕ್ಕೇ ನೋಡುವ ವಸ್ತು ಬದಲಾಗುವುದು ಪ್ರಯೋಗಾಲಯದಲ್ಲಿ ಹಳೆಯ ತೊಂದರೆ. ಅಲ್ಲಿ ಅದಕ್ಕೆ ಉಪಾಯಗಳಿವೆ. ಮಯೂರಿಗಿದ್ದ ಉಪಾಯ ಒಂದೇ, ನೇರವಾಗಿ ಕೇಳುವುದು. ಈ ಸಲ ಬರಿಗೈಯಲ್ಲಿ ಹೋದಳು.

"ಕಾಕಾ, ನೀವು ನನ್ನ ಸಲುವಾಗಿ ಜಾಸ್ತಿ ಬಿಟ್ರಿ, ಹೌದಲ್ರಿ? ಖರೇ ಹೇಳ್ರಿ. ನಿಮ್ಮ ಹೆಸರು ಬರಿಯಂಗಿಲ್ಲ, 'ಒಬ್ಬ ಕಾರ್ಮಿಕ' ಅಂತ ಬರೀತೇನಿ."

ನೀರು ಬಿಡುವ ಮುಂದಿನ ಸರದಿಗೆ ಮಲ್ಲಿಕಸಾಬ ತಾವೇ ಕರೆದು, ಎಂದಿನಂತೆ ವಾಲ್ವು ತಿರುಗಿಸಿ, ಅವಳನ್ನು ಕೆಳಗಿನ ಓಣಿಗೆ ಕರೆದೊಯ್ದರು. ಬಾಗಿಲು ಬಾಗಿಲಿಗೂ ಪೈಪಿಗೆ ಜೋಡಿಸಿದ ಮೋಟರಿನ ಗುಂಯ್ ಸದ್ದು. ಮೇಲೆ ಹತ್ತಬೇಕಾದ ನೀರನ್ನು ಅವು ಇಲ್ಲಿಯೇ ಎಳೆದುಕೊಳ್ಳುತ್ತವೆ. "ಇದನ್ನೂ ಬರಿ, ನಾ ಅಂಜಿ ಸುಮ್ಮನಿದ್ದದ್ದೂ ಬರಿ ಅಂದೆ," ಎನ್ನುತ್ತಾರೆ ಮಲ್ಲಿಕಸಾಬ.

ಕೇಳಲು ಚೆಂದದ ಕಥೆ. ಚೆಂದದ ಕಥೆಯನ್ನು ನಂಬುವುದು ಕಷ್ಟ. ನಾವು ತಿರುವಿನಲ್ಲಿದ್ದ ಬೆಳಿಗ್ಗೆ ಮೇಲಿನ ಕೊನೆಯ ಮನೆಗೆ ನೀರು ಚೆನ್ನಾಗಿಯೇ ಬಂದಿತ್ತು. ಇದು ನಮಗಾಗಿಯೋ ಎಂದು ಕೇಳಿದಾಗ ಅವರು ಚಾವಿಯನ್ನು ಗುಂಡಿಯಿಂದ ಮೇಲಕ್ಕೆತ್ತಿದರು.

"ಒಂದ ಸುತ್ತು ಜಾಸ್ತಿ ಬಿಗಿ ಮಾಡೇನ್ರಿ. ಅಂಜಿಕಿ ಎಲ್ಲಿ ಲಗೂ ಹೋಗ್ತೈತಿ?"

ಹಾಗಾಗಿ ಆ ದಿನ ಬರೆದುಕೊಂಡದ್ದನ್ನು ಬಿಟ್ಟು, ಮುಂದಿನ ಸರದಿಗೆ ಹೇಳದೆ ಹೋಗಿ ಉಮಾಶ್ರೀಯ ಮನೆಯ ಅಂಗಳದಲ್ಲಿ ನಿಂತೆವು. ದಾರದಷ್ಟು ತೆಳ್ಳಗೆ ಬಂದ ನೀರು ಎರಡನೇ ಕೊಡ ತುಂಬುವ ಮೊದಲೇ ನಿಂತಿತು. ಹುಡುಗಿಯ ಎರಡನೇ ವರದಿ ಹೇಳುವುದೂ ಅದನ್ನೇ.

ಆ ವರದಿಗೆ ಸಹಿ ಬಿದ್ದಿದೆ, ಅಂಕ ಸಿಕ್ಕಿದೆ, ಒಂದು ಪ್ರತಿ ವಾರ್ಡ್ ಕಚೇರಿಗೆ ಹೋಗಿದೆ. ಅಲ್ಲಿಂದ ಉತ್ತರವಿಲ್ಲ. ಗುತ್ತಿಗೆದಾರರ ಮೇಲ್ವಿಚಾರಕ ಮಾತ್ರ ಒಮ್ಮೆ ಬಂದು, "ಅದು ಯಾವ ಸಾಲಿ?" ಎಂದು ಶಾಲೆಯ ಹೆಸರು ಕೇಳಿ ಹೋಗಿದ್ದಾನೆ. ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತದೆ. ಹೊಸ ಪಟ್ಟಿಯಲ್ಲಿ ಮಲ್ಲಿಕಸಾಬ ಇರುತ್ತಾರೋ ಇಲ್ಲವೋ ಯಾರೂ ಹೇಳುತ್ತಿಲ್ಲ. ವರದಿಯ ಮೊದಲ ಪುಟದಲ್ಲಂತೂ ಅವರ ಹೆಸರು ಪೂರ್ತಿಯಾಗಿ ಇದೆ. ಹಾಗೆ ಬರೆಸಿದವರು ಅವರೇ.

ಹೆಂಡತಿ ಮೌಲಾಬಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. "ಆ ಹುಡುಗಿ ತಾನಾಗೇ ಹೆಸರು ಬಿಡ್ತೇನಿ ಅಂದಿತ್ತ್ರಿ. ಈ ಮನಿಶ್ಯಾಗ ಏನ್ ಬ್ಯಾನಿ ಆಗಿತ್ತೋ!"

ಮಲ್ಲಿಕಸಾಬ ಮುಚ್ಚಳವನ್ನು ಗುಂಡಿಯ ಮೇಲೆ ಎಳೆದು, ಕಾಲಿನಿಂದ ಒತ್ತಿ ಕೂರಿಸುತ್ತಾರೆ.

"ಹೆಸರಿಲ್ದ ಬರದಿದ್ರ, ಯಾವನೋ ನೀರ್ ಬಿಡೋ ಕಳ್ಳ ಅಂತ ಓದಿ ಮಡಚಿ ಇಡ್ತಿದ್ರು. ಈಗ ಕೇಳಾವ್ರು ನನ್ನ ಹತ್ರ ಬಂದ ಕೇಳಬೇಕು. ಬರ್ಲಿ, ಮೋಟರ್ ಎಲ್ಲೆಲ್ಲಿ ಅದಾವ ಅಂತ ನಾನ ಕರ್ಕೊಂಡ ಹೋಗಿ ತೋರಿಸ್ತೇನಿ."